ಖಾಸಗಿ ಜಮೀನಿನಲ್ಲಿರುವ ಗುಹೆಯನ್ನು ಕಲ್ಲುಗಣಿಯಿಂದ ಉಳಿಸಲು ಜಾಲತಾಣಗಳಲ್ಲಿ ಪ್ರಚಾರ ಮಾಡಬೇಕೇ, ನ್ಯಾಯಾಲಯಕ್ಕೆ ಹೋಗಬೇಕೇ?

ಸದ್ಯಕ್ಕೆ ಎರಡೂ ಬೇಡ. ಹೆಚ್ಚು ಜನರಿಗೆ ತಿಳಿಯದ ಸುಣ್ಣಕಲ್ಲಿನ ಗುಹೆಯೊಂದನ್ನು ಉಳಿಸಲು ಹೊರಟು, ಅದು ಮುಚ್ಚಿಹೋಗುವುದಕ್ಕೆ ನಾನೇ ಕಾರಣನಾದವನು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಓದಿ ಸುಮ್ಮನಿರಲಾಗಲಿಲ್ಲ.

ಆ ಗುಹೆಯ ಬಾಯಿ ಒಬ್ಬರು ತೆವಳಿ ಹೋಗುವಷ್ಟು ಕಿರಿದಾಗಿತ್ತು. ಒಳಗೆ ಹತ್ತು ಮಾರು ಸಾಗಿದರೆ, ಹುಲ್ಲುಕಡ್ಡಿಯಷ್ಟು ತೆಳ್ಳಗಿನ ಪೊಳ್ಳಾದ ಬಿಳಿಯ ಕೊಳವೆಗಳು ಚಾವಣಿಯಿಂದ ಇಳಿಬಿದ್ದಿದ್ದವು, ಪ್ರತಿಯೊಂದರ ತುದಿಯಲ್ಲೂ ಒಂದು ಹನಿ ನೀರು ನಿಂತಿರುತ್ತಿತ್ತು. ಆ ಹನಿ ಬಿಟ್ಟುಹೋಗುವ ಸುಣ್ಣದಿಂದಲೇ ಕೊಳವೆ ಬೆಳೆಯುತ್ತದೆ. ಎಷ್ಟೋ ಗುಹೆಗಳಲ್ಲಿ ಅದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ.

ಜಮೀನಿನ ಯಜಮಾನರು ಗುಹೆಯ ಬಾಯಿಯನ್ನು ಮುಚ್ಚಿಸಲಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗ, ಅವರ ಮನೆಗೆ ಹೋಗಿ ಕಾರಣ ಕೇಳುವ ಬದಲು, ನಾನು ಜಾಲತಾಣದಲ್ಲಿ ಚಿತ್ರಗಳ ಸಮೇತ ಉದ್ದನೆಯ ಬರಹವೊಂದನ್ನು ಹಾಕಿದೆ. ಊರಿನ ಹೆಸರು ಬರೆದಿರಲಿಲ್ಲವಾದ್ದರಿಂದ ಗುಟ್ಟು ಉಳಿಯುತ್ತದೆಂದು ನಂಬಿದ್ದೆ, ಆದರೆ ಒಂದು ಚಿತ್ರದ ಹಿನ್ನೆಲೆಯಲ್ಲಿ ಕಾಣುತ್ತಿದ್ದ ಗುಡ್ಡದ ಆಕಾರವನ್ನು ಹಿಡಿದೇ ಜನ ಜಾಗವನ್ನು ಪತ್ತೆಹಚ್ಚಿದರು. ಬಂದವರು ಬೇಲಿ ದಾಟಿದರು, ಕೊಳವೆಗಳನ್ನು ಮುರಿದು ನೆನಪಿಗೆಂದು ಒಯ್ದರು. ಇಷ್ಟಾದರೂ ಎಲ್ಲಕ್ಕಿಂತ ದೊಡ್ಡ ತಪ್ಪು ಚಿತ್ರದ್ದಲ್ಲ, ಒಂದು ವಾಕ್ಯದ್ದು. 'ಸರ್ಕಾರ ಈ ಜಾಗವನ್ನು ಕೂಡಲೇ ವಶಪಡಿಸಿಕೊಳ್ಳಬೇಕು' ಎಂದು ಬರೆದಿದ್ದೆ. ನನಗೆ ಅದು ಗುಹೆಯ ಮೇಲಿನ ಕಾಳಜಿಯಾಗಿತ್ತು. ಅದನ್ನು ಓದಿಸಿ ಕೇಳಿದ ಯಜಮಾನರಿಗೆ ತಮ್ಮ ಜಮೀನನ್ನು ಕಸಿಯಲು ಬಂದವನ ಮಾತಾಗಿತ್ತು. ಮಾತುಕತೆಯ ಬಾಗಿಲನ್ನು ಆ ವಾಕ್ಯವೇ ಮುಚ್ಚಿತು. ಅಲ್ಲಿಯವರೆಗೆ ನಾಳೆ ನಾಡಿದ್ದು ಎನ್ನುತ್ತಿದ್ದವರು ಮರುದಿನವೇ ಜೆಸಿಬಿ ತರಿಸಿದರು. ಒಳಗಿದ್ದ ಬಾವಲಿಗಳು ಹೊರಬರಲು ಮತ್ತೊಂದು ದಾರಿ ಇತ್ತೆಂದು ನನಗನಿಸುವುದಿಲ್ಲ.

ಅವರ ಕರು ಆ ಬಾಯಿಯೊಳಗೆ ಬಿದ್ದು ಕಾಲು ಮುರಿದುಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ಸುತ್ತ ನಾಲ್ಕು ಎಳೆ ತಂತಿಬೇಲಿ ಹಾಕಿಸಿದ್ದರೆ ಸಾಕಾಗಿತ್ತು.

ನ್ಯಾಯಾಲಯವನ್ನೇ ಮೊದಲು ನಂಬಬೇಡಿ ಎನ್ನುವುದಕ್ಕೂ ಕಾರಣವಿದೆ. ಗುಹೆಗಳಿಗೆಂದೇ ಕಾನೂನು ಇರುವ ಕಡೆಯೂ ಅದು ಖಾಸಗಿ ಜಮೀನನ್ನು ಮುಟ್ಟದಿರಬಹುದು. ಅಮೆರಿಕದ 1988ರ ಫೆಡರಲ್ ಗುಹಾ ಸಂಪನ್ಮೂಲ ರಕ್ಷಣಾ ಕಾಯ್ದೆ ಅನ್ವಯಿಸುವುದು ಅಲ್ಲಿನ ಕೇಂದ್ರ ಸರ್ಕಾರದ ಭೂಮಿಗೆ ಮಾತ್ರ. ಅದೇ ದೇಶದ ಅರಿಜೋನಾದಲ್ಲಿ ಗ್ಯಾರಿ ಟೆನೆನ್ ಮತ್ತು ರ‍್ಯಾಂಡಿ ಟಫ್ಟ್ಸ್ 1974ರಲ್ಲಿ ಖಾಸಗಿ ಜಮೀನಿನಲ್ಲಿ ಗುಹೆಯೊಂದನ್ನು ಕಂಡುಹಿಡಿದು, ಜನರಿಂದ ಅದು ಹಾಳಾಗಬಾರದೆಂದು ಗುಟ್ಟಾಗಿಟ್ಟರು. 1978ರಲ್ಲಿ ಜಮೀನಿನ ಒಡೆಯರಾದ ಕಾರ್ಚ್ನರ್ ಕುಟುಂಬಕ್ಕೆ ವಿಷಯ ತಿಳಿಸಿದರು. ಆ ಕುಟುಂಬವೂ ಗುಟ್ಟನ್ನು ಕಾಪಾಡಿತು. ಕೊನೆಗೆ 1988ರಲ್ಲಿ ರಾಜ್ಯ ಸರ್ಕಾರ ಆ ಜಮೀನನ್ನು ಕೊಳ್ಳಲು ಒಪ್ಪಿತು, 1999ರಲ್ಲಿ ಕಾರ್ಚ್ನರ್ ಕೇವರ್ನ್ಸ್ ಉದ್ಯಾನವಾಗಿ ಜನರಿಗೆ ತೆರೆಯಿತು. ಒಡೆಯರು ಜೊತೆಗಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದು ನನ್ನ ದೃಢವಾದ ನಂಬಿಕೆ.

ಆದ್ದರಿಂದ ನೀವು ಈ ವಾರವೇ ಯಜಮಾನರನ್ನು ಕಾಣಿ, ಒಬ್ಬರೇ ಹೋಗಿ, ಕ್ಯಾಮೆರಾ ಒಯ್ಯಬೇಡಿ. ಕಲ್ಲುಗಣಿಗೆ ಕೊಡಲು ಅವರಿಗಿರುವ ಒತ್ತಡವೇನು, ಸಾಲವೇ, ಪಾಲಿನ ಜಗಳವೇ ಎಂದು ಕೇಳಿ ತಿಳಿಯಿರಿ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಹೆಚ್ಚು ಸೋಸದೆಯೇ ಹರಿಯುವುದರಿಂದ, ಗಣಿಯ ಕೆಸರು ಮತ್ತು ಎಣ್ಣೆ ಅವರದೇ ಬಾವಿಯನ್ನು ಸೇರಬಹುದು ಎಂಬುದನ್ನು ವಿವರಿಸಿ. ಇದು ಬೆದರಿಕೆಯಂತೆ ಕೇಳಿಸದಿರಲಿ. ಗುಹೆಯಿರುವ ಭಾಗವನ್ನಷ್ಟೇ ಗುತ್ತಿಗೆಯಿಂದ ಬಿಡಿಸಲು ಅವರು ಒಪ್ಪಿದರೆ, ನುರಿತವರಿಂದ ಗುಹೆಯ ನಕ್ಷೆ ಬರೆಸಿ, ಆ ಗಡಿಯನ್ನು ಕರಾರಿನಲ್ಲಿ ಸೇರಿಸಿ ನೋಂದಾಯಿಸಿ, ಏಕೆಂದರೆ ಜಮೀನು ಮಾರಾಟವಾದ ದಿನ ಬಾಯಿಮಾತಿಗೆ ಬೆಲೆಯಿರುವುದಿಲ್ಲ. ಬಾಗಿಲು ಹಾಕಿಸುವುದಾದರೆ ಬಾವಲಿ ಹಾರಿಹೋಗುವಷ್ಟು ಅಂತರ ಬಿಟ್ಟ ಅಡ್ಡ ಸರಳುಗಳೇ ಇರಲಿ. ಯಜಮಾನರು ಖಡಾಖಂಡಿತವಾಗಿ ನಿರಾಕರಿಸಿದರೆ ಮಾತ್ರ, ಒಳಗಿರುವ ಜೀವಿಗಳ ಮತ್ತು ಅಂತರ್ಜಲದ ರಕ್ಷಣೆಯ ಕಾನೂನುಗಳನ್ನು ಹಿಡಿದು ವಕೀಲರ ಬಳಿಗೆ ಹೋಗಿ.