ಮುರಕಾಮಿ ಓದಿದವರು ಎರಡು ಪಾರ್ಟಿ ಆಗುವುದು ಯಾಕೆ?

ನೀವು ಕೇಳಿದ್ದು ಇಷ್ಟು: ಜಪಾನಿ ಲೇಖಕ ಹರುಕಿ ಮುರಕಾಮಿಯ ಕಾದಂಬರಿ 'ಕಾಫ್ಕಾ ಆನ್ ದ ಶೋರ್' ಓದಿ ಮುಗಿಸಿದೆ. ಬೆಕ್ಕು ಮಾತಾಡುತ್ತದೆ, ಆಕಾಶದಿಂದ ಮೀನು ಬೀಳುತ್ತದೆ, ಯಾಕೆ ಅಂತ ಕೊನೆಗೂ ಹೇಳುವುದಿಲ್ಲ. ಇದನ್ನು ಕೆಲವರು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ಬರೀ ಬೋಗಸ್ ಅನ್ನುತ್ತಾರೆ. ನನಗೇ ಏನಾದರೂ ತಿಳಿಯಲಿಲ್ವಾ?

ನಿಮಗೊಬ್ಬರಿಗೇ ಹೀಗಾಗಿದ್ದಲ್ಲ, ಧೈರ್ಯವಾಗಿರಿ. 2002ರಲ್ಲಿ ಇದು ಜಪಾನಿನಲ್ಲಿ ಬಂದಾಗ ಪ್ರಕಾಶಕರು ಓದುಗರ ಪ್ರಶ್ನೆಗಳಿಗೆಂದೇ ಒಂದು ವೆಬ್‌ಸೈಟ್ ತೆರೆದರು. 8,000ಕ್ಕೂ ಹೆಚ್ಚು ಪ್ರಶ್ನೆ ಬಂದವು. ಮುರಕಾಮಿ ಕೂತು ಸುಮಾರು 1,200ಕ್ಕೆ ತಾವೇ ಉತ್ತರ ಬರೆದರು. ಅವರ ಮಾತಿನ ಸಾರ ಇಷ್ಟೇ: ಕಥೆಯಲ್ಲಿ ಒಗಟುಗಳಿವೆ, ಬಿಡಿಸಿಟ್ಟ ಉತ್ತರ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ ಹೊಳೆಯುತ್ತದೆ, ಇನ್ನೊಂದೆರಡು ಸಲ ಓದಿ. ಜಾಣ ಉತ್ತರ, ಅಲ್ವಾ?

ನನಗನ್ನಿಸುವುದು, ಜಗಳದ ಬೇರು ಇರುವುದು ಕಥೆ ಶುರುವಾಗುವ ರೀತಿಯಲ್ಲಿ. ಹದಿನೈದರ ಹುಡುಗ ಮನೆ ಬಿಟ್ಟು ಓಡಿಹೋಗುತ್ತಾನೆ. ಇನ್ನೊಂದು ಕಡೆ ಅಮೆರಿಕನ್ ಸೇನೆಯ ರಹಸ್ಯ ಫೈಲು ತೆರೆಯುತ್ತದೆ. 1944ರಲ್ಲಿ ಅಣಬೆ ಕೀಳಲು ಗುಡ್ಡ ಹತ್ತಿದ ಶಾಲಾಮಕ್ಕಳು ಇದ್ದಕ್ಕಿದ್ದಂತೆ ಮೂರ್ಛೆ ಹೋದರು ಅಂತ ಟೀಚರ ಹೇಳಿಕೆ, ಡಾಕ್ಟರ ಹೇಳಿಕೆ. ಆಮೇಲೆ ಆ ಹುಡುಗನ ಅಪ್ಪನ ಕೊಲೆ. ಇದೆಲ್ಲ ಪಕ್ಕಾ ಪತ್ತೇದಾರಿ ಕಾದಂಬರಿಯ ವೇಷ. ಹಾಗಾಗಿ ನಾವು ಸುಳಿವು ಜೋಡಿಸುತ್ತಾ ಓದುತ್ತೇವೆ. ಕೊನೆಗೆ ಕೊಲೆಗಾರ ಯಾರು ಅಂತ ಖಚಿತವಾಗಿ ಹೇಳದೆ ಲೇಖಕ ಎದ್ದು ಹೋದರೆ ಸಿಟ್ಟು ಬರದೇ ಇರುತ್ತಾ? ನಾವು ಬೇತಾಳ ಕಥೆ ಓದಿ ಬೆಳೆದವರು. ಅಲ್ಲಿ ಪ್ರಶ್ನೆ ಎಷ್ಟೇ ವಿಚಿತ್ರವಾಗಿರಲಿ, ವಿಕ್ರಮ ಬಾಯಿ ಬಿಟ್ಟು ಉತ್ತರ ಹೇಳಲೇಬೇಕು. ಇಲ್ಲಿ ವಿಕ್ರಮನೇ ಇಲ್ಲ.

ಪುಸ್ತಕವನ್ನು ಯಾವ ಕಪಾಟಿಗೆ ಸೇರಿಸಬೇಕು ಅನ್ನುವುದರಲ್ಲೂ ಒಂದು ತಮಾಷೆ ಇದೆ. ಫಿಲಿಪ್ ಗೇಬ್ರಿಯಲ್ ಮಾಡಿದ ಇಂಗ್ಲಿಷ್ ಅನುವಾದ 2005ರಲ್ಲಿ ಬಂತು. ಆ ವರ್ಷದ ಹತ್ತು ಒಳ್ಳೆಯ ಪುಸ್ತಕಗಳ ಪಟ್ಟಿಗೆ ನ್ಯೂಯಾರ್ಕ್ ಟೈಮ್ಸ್ ಇದನ್ನೂ ಸೇರಿಸಿತು. ಮರುವರ್ಷ ಇದಕ್ಕೇ, ಮಾಯಾಲೋಕದ ಕಥೆಗಳಿಗೆಂದೇ ಇರುವ ವರ್ಲ್ಡ್ ಫ್ಯಾಂಟಸಿ ಅವಾರ್ಡ್ ಸಿಕ್ಕಿತು.

ಹಾಗಾದರೆ ಇಷ್ಟಪಡುವವರಿಗೆ ಸಿಗುವುದಾದರೂ ಏನು? ನನ್ನ ಪಾಲಿಗೆ ಆ ಮೀನಿನ ಪ್ರಸಂಗ ಒಂದೇ ಸಾಕು. ನಕಾಟ ಅನ್ನುವ ಮುದುಕ. ಚಿಕ್ಕಂದಿನ ಆ ಮೂರ್ಛೆಯ ನಂತರ ಓದು-ಬರಹ ಮರೆತವನು. ಸರ್ಕಾರ ಕೊಡುವ ಪುಡಿಗಾಸು, ಜೊತೆಗೆ ಕಳೆದುಹೋದ ಬೆಕ್ಕು ಹುಡುಕಿಕೊಟ್ಟು ಬರುವ ಚಿಲ್ಲರೆ, ಇಷ್ಟರಲ್ಲೇ ಜೀವನ. ಬೆಕ್ಕುಗಳನ್ನು ಕೊಲ್ಲುತ್ತಿದ್ದವನೊಬ್ಬನನ್ನು ಚಾಕುವಿನಿಂದ ಇರಿದು, ನೆಟ್ಟಗೆ ಪೊಲೀಸ್ ಚೌಕಿಗೆ ನಡೆಯುತ್ತಾನೆ. ಅಲ್ಲಿದ್ದ ಎಳೆಯ ಪೊಲೀಸನ ಮುಂದೆ ವಿನಯವಾಗಿ ತಪ್ಪೊಪ್ಪಿಕೊಳ್ಳುತ್ತಾನೆ. ಪಾಪ, ಅಜ್ಜನಿಗೆ ಅರಳುಮರಳು ಅಂದುಕೊಂಡು ಪೊಲೀಸ ವಾಪಸ್ ಕಳಿಸುತ್ತಾನೆ. ಹೊರಡುವ ಮುಂಚೆ ಮುದುಕ, ನಾಳೆ ಕೆಲಸಕ್ಕೆ ಬರುವಾಗ ಬಿಸಿಲಿದ್ದರೂ ಕೊಡೆ ತನ್ನಿ, ಮೀನು ಸುರಿಯುತ್ತದೆ ಅನ್ನುತ್ತಾನೆ. ಮರುದಿನ ಆ ಬಡಾವಣೆಯ ಮೇಲೆ ನಮ್ಮ ಬೂತಾಯಿ, ಬಂಗುಡೆಯಂಥವೇ ಮೀನು ರಪರಪ ಬೀಳುತ್ತವೆ. ಪೊಲೀಸನ ಎದೆ ಧಸಕ್ ಅನ್ನುತ್ತದೆ. ಮೀನು ಬಿದ್ದದ್ದು ನಿಜವಾದರೆ ಆ ಕೊಲೆಯೂ ನಿಜ ಇರಬೇಕಲ್ಲ? ಮೇಲಧಿಕಾರಿಗೆ ಹೇಳೋಣ ಅಂದರೆ ಮಾನ ಹೋಗುತ್ತದೆ. ಸುಮ್ನೆ ನುಂಗಿಕೊಳ್ಳುತ್ತಾನೆ.

ನೋಡಿ, ಅದ್ಭುತ ಅನ್ನುವುದು ಇಲ್ಲಿ ಒಬ್ಬ ಸಾಮಾನ್ಯ ನೌಕರನ ಪೇಚಾಟವಾಗಿಬಿಟ್ಟಿದೆ. ಮೀನು ಯಾಕೆ ಬಿತ್ತು ಅಂತ ಆಮೇಲೆ ನಾನಂತೂ ಕೇಳಲಿಲ್ಲ. ಆ ಪೊಲೀಸ ರಾತ್ರಿ ಹೇಗೆ ನಿದ್ದೆ ಮಾಡಿದನೋ ಅನ್ನುವುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು.

ಇಷ್ಟಪಡದವರೆಲ್ಲ ದಡ್ಡರು ಅಂತ ಅಭಿಮಾನಿಗಳು ಹೇಳುವುದುಂಟು. ಅದು ಶುದ್ಧ ಅಹಂಕಾರ. ಮುರಕಾಮಿ ಮೇಲಿರುವ ಎರಡು ದೂರು ನಿಜಕ್ಕೂ ಗಟ್ಟಿಯಾಗಿವೆ.

ಒಂದು, ಹೇಳಿದ್ದೇ ಹೇಳುತ್ತಾರೆ ಅನ್ನುವುದು. ಬೆಕ್ಕು, ಬತ್ತಿದ ಬಾವಿ, ಹಳೇ ಜಾಜ್ ರೆಕಾರ್ಡು, ಕಾಣೆಯಾಗುವ ಹೆಂಗಸು, ಒಬ್ಬನೇ ಅಡುಗೆ ಮಾಡಿಕೊಳ್ಳುವ ಗಂಡಸು. ಗ್ರಾಂಟ್ ಸ್ನೈಡರ್ ಎಂಬ ವ್ಯಂಗ್ಯಚಿತ್ರಕಾರ 2012ರಲ್ಲಿ ಇವನ್ನೆಲ್ಲ ಹೌಸಿ ಆಟದ ಚೀಟಿಯಂತೆ ಚೌಕಗಳಲ್ಲಿ ಹಾಕಿ 'ಮುರಕಾಮಿ ಬಿಂಗೊ' ಅಂತಲೇ ಬರೆದರು. ಇದನ್ನು ನೋಡಿ ಅಭಿಮಾನಿಗಳೂ ನಕ್ಕಿರಬೇಕು.

ಇನ್ನೊಂದು ನಗುವ ವಿಷಯವಲ್ಲ. ಮೀಕೊ ಕವಾಕಮಿ ಜಪಾನಿನ ಹೆಸರಾಂತ ಕಾದಂಬರಿಗಾರ್ತಿ, ಸ್ವತಃ ಮುರಕಾಮಿಯ ಅಭಿಮಾನಿ. ಮುರಕಾಮಿ ಜೊತೆ ಕೂತು ನಡೆಸಿದ ಉದ್ದನೆಯ ಮಾತುಕತೆಯಲ್ಲಿ ಈಕೆ ಮುಖಕ್ಕೆ ಮುಖ ಕೇಳಿದ್ದು ಇದನ್ನೇ: ನಿಮ್ಮ ಕಥೆಗಳಲ್ಲಿ ಹೆಂಗಸರು ಯಾಕೆ ಮತ್ತೆ ಮತ್ತೆ ಗಂಡಸನ್ನು ಇನ್ನೊಂದು ಲೋಕಕ್ಕೆ ದಾಟಿಸುವ ಕೆಲಸಕ್ಕಷ್ಟೇ ಬರುತ್ತಾರೆ, ಅದೂ ಕಾಮದ ಮೂಲಕ? ಈ ಕಾದಂಬರಿಯಲ್ಲಿ ಓಡಿಹೋದ ಹುಡುಗನಿಗೆ ದಾರಿಯಲ್ಲಿ ಸಿಗುವ ಸಕುರಾ, ಅವನು ಸೇರಿಕೊಳ್ಳುವ ಲೈಬ್ರರಿಯ ಮಿಸ್ ಸಾಯೆಕಿ, ಇಬ್ಬರನ್ನೂ ನೆನೆಸಿಕೊಂಡರೆ ಪ್ರಶ್ನೆ ಎಲ್ಲಿ ಚುಚ್ಚುತ್ತದೆ ಅಂತ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ಬಿಡಿಸದ ಒಗಟಿಗಿಂತ ಇದೇ ಜಾಸ್ತಿ ಕಿರಿಕಿರಿ. ಲೇಖಕ 'ಕನಸು ಅಲ್ವಾ' ಅಂತ ಹೇಳಿ ಜಾರಿಕೊಳ್ಳುವುದು ಈ ಇಬ್ಬರ ಪ್ರಸಂಗಗಳಲ್ಲೇ.

ಇನ್ನೊಂದು ಸಲ ಓದಬೇಕಾ ಅಂದರೆ, ಇಡೀ ಪುಸ್ತಕ ಬೇಡ. ಬೆಸ ಅಧ್ಯಾಯಗಳು ಹುಡುಗನವು, ಸಮ ಅಧ್ಯಾಯಗಳು ನಕಾಟನವು. ಸಮ ಅಧ್ಯಾಯಗಳನ್ನಷ್ಟೇ ಓದಿ. ಹೊಶಿನೊ ಅನ್ನುವ ಲಾರಿ ಡ್ರೈವರ್ ಅಲ್ಲೇ ಬರುತ್ತಾನೆ. ಬಣ್ಣಬಣ್ಣದ ಅಲೋಹಾ ಶರ್ಟು, ಬೇಸ್‌ಬಾಲ್ ಟೋಪಿ, ಯಾವ ತತ್ವದ ಗೊಡವೆಯೂ ಇಲ್ಲದ ಆಸಾಮಿ. ಕಾಫಿ ಅಂಗಡಿಯೊಂದರಲ್ಲಿ ಬೀಥೋವನ್ ಸಂಗೀತ ಕಿವಿಗೆ ಬಿದ್ದು ಅವನು ಮೆತ್ತಗಾಗುವುದನ್ನು ನೋಡಿ. ಅಷ್ಟಾದ ಮೇಲೂ ಬೋಗಸ್ ಅನ್ನಿಸಿದರೆ ಪುಸ್ತಕವನ್ನು ಯಾರಿಗಾದರೂ ಕೊಟ್ಟುಬಿಡಿ. ಈ ಲೇಖಕ ನಿಮಗೆ ಆಗಿಬರುವವರಲ್ಲ, ಅಷ್ಟೇ.