ಕೇಂಬ್ರಿಡ್ಜ್‌ನ ಹಳೇ ಕಂಪ್ಯೂಟರ್ ಮ್ಯೂಸಿಯಂಗೆ ಮಗನನ್ನು ಕರೆದುಕೊಂಡು ಹೋಗಬಹುದಾ?

ಲಂಡನ್‌ನಿಂದ ಒಂದು ದಿನದ ಮಟ್ಟಿಗೆ ಕೇಂಬ್ರಿಡ್ಜ್‌ಗೆ ಹೋಗುತ್ತಿದ್ದೇವೆ, ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ನೋಡಿದರೆ ಹನ್ನೊಂದು ವರ್ಷದ ಮಗನಿಗೆ ಬೋರ್ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಕೆಟ್ಟುಹೋದ ಯಂತ್ರಗಳನ್ನು ಗಾಜಿನೊಳಗಿಟ್ಟು 'ಮುಟ್ಟಬೇಡಿ' ಅಂತ ಬೋರ್ಡ್ ಹಾಕುವ ಜಾಗ ಅದಲ್ಲ. ಬಹಳಷ್ಟು ಮಷೀನ್‌ಗಳು ಆನ್ ಆಗಿಯೇ ಇರುತ್ತವೆ. ಸುಮ್ನೆ ಕೂತು ಒತ್ತಬಹುದು.

ಮಗ ಒಳಗೆ ಕಾಲಿಟ್ಟ ತಕ್ಷಣ ಗೇಮ್ ಕನ್ಸೋಲ್‌ಗಳ ಕಡೆ ಓಡುತ್ತಾನೆ. ಓಡಲಿ ಬಿಡಿ, ಆದರೆ ಇಡೀ ಹೊತ್ತು ಅಲ್ಲೇ ಕಳೆಯುವುದು ಬೇಡ. ಹಳೇ ಗೇಮ್‌ಗಳನ್ನು ಈಗ ಲ್ಯಾಪ್‌ಟಾಪ್‌ನಲ್ಲೂ ಆಡಬಹುದು. ಹಳೇ ಕೀಬೋರ್ಡ್ ಸಿಗುವುದು ಕಷ್ಟ.

1982ರ ಸಿಂಕ್ಲೇರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಪುಟ್ಟ ಹೋಮ್ ಕಂಪ್ಯೂಟರ್ ಮುಂದೆ ಕೂರಿಸಿ. ಅದರಲ್ಲಿರುವುದು 40 ರಬ್ಬರ್ ಕೀಗಳು ಅಷ್ಟೇ. ಸಾಲಿನ ಶುರುವಿನಲ್ಲಿ 'ಪಿ' ಒತ್ತಿದರೆ ಅಕ್ಷರ ಬರಲ್ಲ, 'ಪ್ರಿಂಟ್' ಅನ್ನುವ ಪ್ರೋಗ್ರಾಮಿಂಗ್ ಆದೇಶದ ಪೂರ್ತಿ ಪದವೇ ಬಂದು ಕೂರುತ್ತದೆ. 'ಜೆ' ಅಂದರೆ 'ಲೋಡ್', 'ಜಿ' ಅಂದರೆ 'ಗೋ ಟು'. ಟೈಪ್ ಮಾಡಿದ ಪದವನ್ನು ಅಕ್ಷರ ಅಕ್ಷರವಾಗಿ ಗುರುತಿಸುವ ಕೆಲಸ ಮಷೀನ್‌ಗೆ ತಪ್ಪುತ್ತಿತ್ತು. ಅದಕ್ಕಿದ್ದ ರಾಮ್, ಅಂದರೆ ಕೆಲಸ ಮಾಡುವಾಗ ಬಳಸುವ ಮೆಮೊರಿ, ಬರೀ 16 ಇಲ್ಲವೇ 48 ಕೆಬಿ. ಒಂದು ವಾಟ್ಸಾಪ್ ಫೋಟೋ ಕೂಡ ಇದಕ್ಕಿಂತ ದೊಡ್ಡದಿರುತ್ತೆ, ಅಲ್ವಾ?

ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರ್‌ಗಳನ್ನೂ ಬಿಡಬೇಡಿ. ಮೇಲ್ಗಡೆ ಕೆಂಪು ಕೀಗಳ ಸಾಲು ಇರುವ ಡಬ್ಬ ಅದು. ನಮ್ಮ ದೇಶದಲ್ಲಿ 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ 'ಕ್ಲಾಸ್' ಅನ್ನುವ ಸರ್ಕಾರಿ ಯೋಜನೆ ಶುರುವಾದಾಗ ಶಾಲೆಗಳಿಗೆ ಬಂದದ್ದೂ ಇದೇ. ಮಾಡಿದ್ದು ಕೇಂಬ್ರಿಡ್ಜ್‌ನದೇ ಏಕಾರ್ನ್ ಕಂಪನಿ. ಆ ಸ್ಪೆಕ್ಟ್ರಮ್ ಮಾಡಿದ, ಇದೇ ಊರಿನ ಸಿಂಕ್ಲೇರ್ ಜೊತೆ ಕೆಲಸ ಮಾಡಿದ್ದ ಕ್ರಿಸ್ ಕರಿ ಹೊರಬಂದು, ಹರ್ಮನ್ ಹೌಸರ್ ಜೊತೆ ಸೇರಿ 1978ರಲ್ಲಿ ಕಟ್ಟಿದ್ದು. ಒಂದೇ ಊರಲ್ಲಿ ಜಿದ್ದಾಜಿದ್ದಿ! ಬಿಬಿಸಿ ಮೈಕ್ರೋದ ಪ್ರೋಗ್ರಾಮಿಂಗ್ ಭಾಷೆ 'ಬೇಸಿಕ್' ಬರೆದ ಸೋಫಿ ವಿಲ್ಸನ್ ಅವರೇ ಮುಂದೆ ಏಕಾರ್ನ್‌ನ ಆರ್ಮ್ ಪ್ರೊಸೆಸರ್ ಚಿಪ್‌ನ ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಚಿಪ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿ, ರೂಪಿಸಿದರು. ಮೊದಲ ಆರ್ಮ್ ಚಿಪ್ ಓಡಿದ್ದು 1985ರಲ್ಲಿ. ನಿಮ್ಮ ಮಗನ ಕೈಯಲ್ಲಿರುವ ಫೋನ್ ಬಹುಶಃ ಅದೇ ವಂಶದ್ದು.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿಕೊಂಡಿದ್ದು ಮಾತ್ರ ಮೆಗಾಪ್ರೊಸೆಸರ್. ಜೇಮ್ಸ್ ನ್ಯೂಮನ್ ಅನ್ನುವವರು ಮನೆಯಲ್ಲೇ ಕೂತು, ಪುಟ್ಟ ಸ್ವಿಚ್‌ಗಳಂತಿರುವ ಬಿಡಿಬಿಡಿ ಟ್ರಾನ್ಸಿಸ್ಟರ್‌ಗಳನ್ನು ಬೆಸುಗೆ ಹಾಕಿ 2016ರಲ್ಲಿ ಮುಗಿಸಿದ ಪ್ರೊಸೆಸರ್, ಅಂದರೆ ಕಂಪ್ಯೂಟರ್‌ನ ಮಿದುಳು, ಇದು. 40,000ಕ್ಕೂ ಹೆಚ್ಚು ಟ್ರಾನ್ಸಿಸ್ಟರ್, ಸುಮಾರು 10 ಮೀಟರ್ ಉದ್ದ, 2 ಮೀಟರ್ ಎತ್ತರ. ಇಷ್ಟೆಲ್ಲಾ ಮಾಡಿದರೂ ಮೆಮೊರಿ 256 ಬೈಟ್! ಪ್ರತಿ ಹಂತಕ್ಕೂ ಪುಟ್ಟ ಎಲ್‌ಇಡಿ ಇದೆ. ವೇಗ ತಗ್ಗಿಸಿದರೆ ಸೊನ್ನೆ-ಒಂದುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ ಅಂತ ಕಣ್ಣಾರೆ ಕಾಣುತ್ತದೆ. ಅದರಲ್ಲಿ ಟೆಟ್ರಿಸ್ ಕೂಡ ಆಡಬಹುದು. ಇಂಜಿನಿಯರಿಂಗ್‌ನಲ್ಲಿ ರಿಜಿಸ್ಟರ್ (ಸಂಖ್ಯೆ ಹಿಡಿದಿಡುವ ಭಾಗ), ಆ್ಯಡರ್ (ಕೂಡುವ ಭಾಗ) ಅಂತ ಬಾಯಿಪಾಠ ಮಾಡಿದವರು ತಪ್ಪದೇ ನೋಡಬೇಕು.

ಮ್ಯೂಸಿಯಂ ಇರುವುದು ಕಾಲೇಜುಗಳ ಕಡೆಯಲ್ಲ, ಊರಿನ ಇನ್ನೊಂದು ಬದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ. ವಾರದ ಎಲ್ಲಾ ದಿನ ತೆರೆದಿರುತ್ತದೆ ಅಂದುಕೊಳ್ಳಬೇಡಿ, ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ದೋಣಿ ವಿಹಾರ, ಕಿಂಗ್ಸ್ ಕಾಲೇಜು ಎಲ್ಲ ಬೆಳಿಗ್ಗೆಯೇ ಮುಗಿಸಿಬಿಡಿ. ಮೊದಲು ಇಲ್ಲಿಗೆ ಬಂದರೆ ಮಗ ಬೇರೆಲ್ಲಿಗೂ ಏಳುವುದಿಲ್ಲ.