ಆ್ಯಪ್‌ನಿಂದ ರಿಸೀವರ್ ಆಫ್ ಆಗುತ್ತೆ, ಆನ್ ಮಾತ್ರ ಆಗಲ್ಲ
ಫೋನಿನ ಆ್ಯಪ್‌ನಿಂದ ಡೆನಾನ್ ರಿಸೀವರ್ (ಟಿವಿ-ಸ್ಪೀಕರ್‌ಗಳಿಗೆ ಜೋಡಿಸೋ ಆಡಿಯೋ ಪೆಟ್ಟಿಗೆ) ಆಫ್ ಆಗುತ್ತೆ, ಆನ್ ಮಾಡೋಕೆ ರಿಮೋಟೇ ಬೇಕು ಅಂದಿದ್ದೀರಿ. ಏನೂ ಕೆಟ್ಟಿಲ್ಲ ಸರ್. ಸ್ಟ್ಯಾಂಡ್‌ಬೈಗೆ ಹೋದಾಗ ಅದರ ನೆಟ್‌ವರ್ಕ್ ಭಾಗವೂ ಮಲಗಿಬಿಡುತ್ತೆ. ಆ್ಯಪ್ ಎಷ್ಟು ಕೂಗಿದ್ರೂ ಕೇಳಿಸ್ಕೊಳ್ಳೋರಿಲ್ಲ. ಸೆಟಪ್ ಮೆನುವಿನಲ್ಲಿ ನೆಟ್‌ವರ್ಕ್, ಅದರೊಳಗೆ ನೆಟ್‌ವರ್ಕ್ ಕಂಟ್ರೋಲ್‌ಗೆ ಹೋಗಿ 'ಆಲ್ವೇಸ್ ಆನ್' ಇಡಿ. ಸ್ಟ್ಯಾಂಡ್‌ಬೈನಲ್ಲಿ ಕರೆಂಟ್ ಸ್ವಲ್ಪ ಜಾಸ್ತಿ ತಿನ್ನುತ್ತೆ, ಅಷ್ಟೆ. ರಾತ್ರಿ ಗೋಡೆ ಸ್ವಿಚ್ಚೇ ಆರಿಸೋ ಅಭ್ಯಾಸ ಇದ್ರೆ ಯಾವ ಸೆಟ್ಟಿಂಗೂ ಉಪಯೋಗಕ್ಕಿಲ್ಲ!

ಆ್ಯಪ್ ಮೇಲೇ ಅನುಮಾನವಿದ್ರೆ ಲ್ಯಾಪ್‌ಟಾಪ್‌ನಿಂದ ರಿಸೀವರಿನ 23ನೇ ಪೋರ್ಟಿಗೆ ಟೆಲ್ನೆಟ್ (ನೆಟ್‌ವರ್ಕ್ ಮೂಲಕ ನೇರವಾಗಿ ಆದೇಶ ಟೈಪ್ ಮಾಡೋ ಸಾಧನ) ಮಾಡಿ, PWON ಅಂತ ದೊಡ್ಡಕ್ಷರದಲ್ಲಿ ಒತ್ತಿ ಎಂಟರ್ ಕೊಡಿ. ಆನ್ ಆಯ್ತಾ? ಹಾಗಾದ್ರೆ ತೊಂದರೆ ಆ್ಯಪ್‌ನದ್ದು.

ನಾಲ್ಕು ದಿನ ನಡೆದು ಮತ್ತೆ ಕೈಕೊಟ್ರೆ ರಿಸೀವರಿನ ಐಪಿ ವಿಳಾಸ (ಮನೆ ನೆಟ್‌ವರ್ಕ್‌ನಲ್ಲಿ ಅದರ ನಂಬರು) ಬದಲಾಗಿರಬಹುದು. ರೂಟರ್‌ನ ಡಿಎಚ್‌ಸಿಪಿ (ಐಪಿ ಹಂಚೋ ವ್ಯವಸ್ಥೆ) ಪುಟದಲ್ಲಿ ರಿಸೀವರಿನ ಮ್ಯಾಕ್ ವಿಳಾಸಕ್ಕೆ (ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಒಂದು ಐಪಿ ಕಾಯ್ದಿರಿಸಿ. ಆ್ಯಪ್ ಇರೋ ಫೋನ್ ಗೆಸ್ಟ್ ವೈಫೈನಲ್ಲಿ ಇರಬಾರದು, ರಿಸೀವರ್ ಇರೋ ವೈಫೈನಲ್ಲೇ ಇರಬೇಕು.